ಕಡಲಿನ ಆರೋಗ್ಯ: ನಿನ್ನೆಯ ಲೆಕ್ಕವಿಲ್ಲದೆ ಇಂದಿನ ಕಾಯಿಲೆ ತಿಳಿಯದು

2025ರ ಮೇ 24ರಂದು ಕೊಚ್ಚಿಯ ಹೊರಗಿನ ಸಮುದ್ರದಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಸರಕು ಹಡಗು ಒಂದು ಬದಿಗೆ ವಾಲಿತು. ಮರುದಿನ ಅದು ಮುಳುಗಿತು. ಹಡಗಿನಲ್ಲಿದ್ದ 24 ಮಂದಿಯನ್ನೂ ನಮ್ಮ ತಟರಕ್ಷಣಾ ಪಡೆ ಮತ್ತು ನೌಕಾಪಡೆಯವರು ಪಾರು ಮಾಡಿದರು. ಆದರೆ ಅದರಲ್ಲಿದ್ದ 640 ಕಂಟೈನರುಗಳು, ಸುಮಾರು 367 ಟನ್ ಫರ್ನೇಸ್ ಆಯಿಲ್ ಮತ್ತು 84 ಟನ್ ಡೀಸೆಲ್ ಕಡಲಿನ ಪಾಲಾದವು. ಕೆಲವು ಕಂಟೈನರುಗಳು ತೇಲಿ ದಡಕ್ಕೆ ಬಂದವು. ತಿರುವನಂತಪುರದ ಕಡಲತೀರದಲ್ಲಿ ಸಾಬಕ್ಕಿಯಂತಹ ಬಿಳಿ ಪ್ಲಾಸ್ಟಿಕ್ ಕಾಳುಗಳು ರಾಶಿ ಬಿದ್ದವು.

ಇದಾಗಿ ಹದಿನೈದು ದಿನ ಕಳೆಯುವಷ್ಟರಲ್ಲಿ, ಜೂನ್ 9ರಂದು, ಕೇರಳದ ಉತ್ತರ ಕರಾವಳಿಯಾಚೆ ವಾನ್ ಹೈ 503 ಎಂಬ ಇನ್ನೊಂದು ಹಡಗಿನಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿತು. ಅದರಲ್ಲಿದ್ದ 22 ಮಂದಿಯಲ್ಲಿ 18 ಮಂದಿಯನ್ನು ನೌಕಾಪಡೆಯ ಹಡಗು ಮಂಗಳೂರಿಗೆ ಕರೆತಂದಿತು. ಗಾಯಾಳುಗಳಿಗೆ ನಮ್ಮೂರಲ್ಲೇ ಚಿಕಿತ್ಸೆ ನಡೆಯಿತು. ನಾಲ್ವರು ಕಣ್ಮರೆಯಾದರು.

ಆ ದಿನಗಳಲ್ಲಿ ಪೂಜೆ ಮುಗಿಸಿ ಹೊರಬಂದ ಜನ ಇಗರ್ಜಿಯ ಅಂಗಳದಲ್ಲಿ ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: "ಫಾದರ್, ಇನ್ನು ಮೀನು ತಿನ್ನಬಹುದಾ?" ಮೀನು ಮಾರುವ ಒಬ್ಬ ತಾಯಿ ಕೇಳಿದ ರೀತಿ ಬೇರೆ: "ಫಾದರ್, ಇನ್ನು ನಮ್ಮ ಹತ್ತಿರ ಮೀನು ತೆಗೆದುಕೊಳ್ಳುವವರು ಯಾರು?" ಕೇರಳದ ಮಾರುಕಟ್ಟೆಗಳಲ್ಲಿ ಆಗಲೇ ಜನ ಮೀನು ಕೊಳ್ಳಲು ಹಿಂಜರಿಯುತ್ತಿದ್ದರು. ವಾಟ್ಸಾಪಿನಲ್ಲಿ ಬಂದದ್ದೆಲ್ಲ ವೇದವಾಕ್ಯವಾಗಿತ್ತು.

ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಹೇಳಬೇಕಾದವರು ಕಡಲನ್ನು ಅಳೆಯುವವರು. ಅವರು ಹೇಗೆ ಅಳೆಯುತ್ತಾರೆ, ಅವರ ಮಾತನ್ನು ಎಷ್ಟು ನಂಬಬಹುದು, ಆ ಕೆಲಸದಲ್ಲಿ ನಮ್ಮ ಪಾಲೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಎಷ್ಟಕ್ಕಿಂತ ಹೆಚ್ಚು?

ಹಡಗು ಮುಳುಗಿದ ಕೆಲವೇ ದಿನಗಳಲ್ಲಿ ಕೊಚ್ಚಿಯ ಸಮುದ್ರ ಜೀವಿ ಸಂಪನ್ಮೂಲ ಮತ್ತು ಪರಿಸರ ಕೇಂದ್ರದ ವಿಜ್ಞಾನಿಗಳು 'ಸಾಗರ ಸಂಪದ' ಎಂಬ ಸಂಶೋಧನಾ ಹಡಗಿನಲ್ಲಿ ಆ ಜಾಗಕ್ಕೆ ಹೋದರು. ನೀರು, ತಳದ ಕೆಸರು ಹಾಗೂ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳ ಮಾದರಿಗಳನ್ನು ತಂದರು. ಎಣ್ಣೆಯ ಅಂಶ ಎಷ್ಟಿದೆ, ಸೀಸ, ನಿಕ್ಕಲ್‌ನಂತಹ ಲೋಹಗಳು ಎಷ್ಟಿವೆ ಎಂದು ಪರೀಕ್ಷಿಸಿದರು.

ಇಂತಹ ಪರೀಕ್ಷೆಯಿಂದ ಒಂದು ಸಂಖ್ಯೆ ಸಿಗುತ್ತದೆ. ಆದರೆ ಸಂಖ್ಯೆ ತಾನಾಗಿ ಏನನ್ನೂ ಹೇಳುವುದಿಲ್ಲ. ವೈದ್ಯರ ಬಳಿಗೆ ಹೋದ ಒಬ್ಬನ ತೂಕ 60 ಕಿಲೋ ಎಂದುಕೊಳ್ಳೋಣ. ಅದು ಒಳ್ಳೆಯದೋ ಕೆಟ್ಟದ್ದೋ? ಆರು ತಿಂಗಳ ಹಿಂದೆ ಅವನ ತೂಕ 72 ಕಿಲೋ ಇತ್ತು ಎಂದು ಹಳೆಯ ಚೀಟಿ ಹೇಳಿದರೆ ವೈದ್ಯರು ಕೂಡಲೇ ಎಚ್ಚೆತ್ತುಕೊಳ್ಳುತ್ತಾರೆ. ಹಳೆಯ ಚೀಟಿಯೇ ಇಲ್ಲದಿದ್ದರೆ 60 ಎಂಬುದು ಬರೀ ಅಂಕಿ.

ಕಡಲಿನ ವಿಷಯವೂ ಹೀಗೆಯೇ. ಕೆಸರಿನಲ್ಲಿ ಇಷ್ಟು ಸೀಸ ಸಿಕ್ಕಿತು ಎಂದರೆ ಸಾಲದು. ಹಡಗು ಮುಳುಗುವ ಮೊದಲು ಎಷ್ಟಿತ್ತು? ಆ ಹಳೆಯ ಚೀಟಿ ಯಾರ ಬಳಿಯಲ್ಲಿದೆ?

ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಈ ಅಪಘಾತಕ್ಕಾಗಿ ಕೇರಳ ಸರಕಾರವು 2025ರ ಜುಲೈಯಲ್ಲಿ ಹೈಕೋರ್ಟಿಗೆ ಹೋಗಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿತು. ಅದರಲ್ಲಿ ಸುಮಾರು 8,626 ಕೋಟಿ ಪರಿಸರಕ್ಕಾದ ಹಾನಿಗೆ, ಸುಮಾರು 526 ಕೋಟಿ ಮೀನುಗಾರರಿಗಾದ ನಷ್ಟಕ್ಕೆ. ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಕೇಳಬಹುದಾದ ಮೊದಲ ಪ್ರಶ್ನೆಯೇ ಇದು: "ಮೊದಲು ಹೇಗಿತ್ತು, ತೋರಿಸಿ." ನಾಳೆ ಇಂತಹ ಹಡಗೊಂದು ಮಲ್ಪೆಯ ಎದುರು ಅಥವಾ ಉಳ್ಳಾಲದ ಎದುರು ಮುಳುಗಿದರೆ, ನಮ್ಮ ಬಡ ದೋಣಿಯವನ ಪರಿಹಾರವೂ ಇದೇ ಪ್ರಶ್ನೆಯ ಮೇಲೆ ನಿಲ್ಲುತ್ತದೆ.

ಗುರುವೊಬ್ಬರ ಬಿಳಿ ತಟ್ಟೆ

ಕಡಲನ್ನು ಅಳೆಯುವ ವಿದ್ಯೆಯಲ್ಲಿ ಅತ್ಯಂತ ಸರಳ ಸಾಧನವೊಂದನ್ನು ಬಳಕೆಗೆ ತಂದವರು ಒಬ್ಬ ಕಥೋಲಿಕ ಗುರು ಎಂಬುದು ನಮ್ಮ ಓದುಗರಲ್ಲಿ ಹಲವರಿಗೆ ತಿಳಿದಿರಲಾರದು. ಇಟೆಲಿಯ ಜೆಸ್ವಿತ್ ಗುರು ಆಂಜೆಲೊ ಸೆಕ್ಕಿ ಖಗೋಳ ವಿಜ್ಞಾನಿಯಾಗಿದ್ದವರು. 1865ರಲ್ಲಿ ಅವರು ಪೋಪರ ಹಡಗೊಂದರಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಹೋಗಿ ಬಿಳಿ ತಟ್ಟೆಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿದರು. ತಟ್ಟೆ ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಗುತ್ತದೆ ಎಂದು ಬರೆದಿಟ್ಟರು. ನೀರು ತಿಳಿಯಾಗಿದ್ದರೆ ತಟ್ಟೆ ಆಳದವರೆಗೂ ಕಾಣುತ್ತದೆ. ಕೆಸರು ಅಥವಾ ಸೂಕ್ಷ್ಮ ಸಸ್ಯಗಳು ತುಂಬಿದ್ದರೆ ಬೇಗನೆ ಮರೆಯಾಗುತ್ತದೆ.

'ಸೆಕ್ಕಿ ತಟ್ಟೆ' ಇಂದಿಗೂ ಬಳಕೆಯಲ್ಲಿದೆ. ಅದಕ್ಕೆ ಕರೆಂಟು ಬೇಡ, ಕಂಪ್ಯೂಟರು ಬೇಡ. ಒಂದು ತಟ್ಟೆ, ಗುರುತು ಹಾಕಿದ ಹಗ್ಗ, ಒಂದು ನೋಟುಬುಕ್ಕು ಇದ್ದರೆ ಸಾಕು. ನೂರು ವರ್ಷ ಹಿಂದೆ ಬರೆದ ಸೆಕ್ಕಿ ಅಳತೆಯನ್ನು ಇಂದಿನ ಅಳತೆಯ ಪಕ್ಕದಲ್ಲಿಟ್ಟು ನೋಡಬಹುದು. ತಟ್ಟೆ ಅಗ್ಗದ್ದು. ಬೆಲೆಬಾಳುವುದು ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಬರೆದಿಟ್ಟ ನೋಟುಬುಕ್ಕು.

ಬಾಟಲಿ, ಉಪಗ್ರಹ, ತೇಲುವ ಕೊಳವೆ

ಇಂದಿನ ಸಂಶೋಧನಾ ಹಡಗುಗಳಲ್ಲಿ ಹತ್ತಿಪ್ಪತ್ತು ಬಾಟಲಿಗಳನ್ನು ವೃತ್ತಾಕಾರವಾಗಿ ಕಟ್ಟಿದ ಚೌಕಟ್ಟೊಂದಿರುತ್ತದೆ. ಬಾಟಲಿಗಳ ಎರಡೂ ಬಾಯಿ ತೆರೆದಿರುತ್ತವೆ. ಚೌಕಟ್ಟು ಕೆಳಗಿಳಿಯುತ್ತಾ ಉಷ್ಣತೆ, ಉಪ್ಪಿನಂಶ, ಆಳ ಇವನ್ನು ಅಳೆಯುತ್ತದೆ. ಮೇಲೆ ಬರುವಾಗ ಬೇಕಾದ ಆಳದಲ್ಲಿ ಒಂದೊಂದೇ ಬಾಟಲಿಯ ಬಾಯಿ ಮುಚ್ಚುತ್ತದೆ. ಹೀಗೆ 10 ಮೀಟರಿನ ನೀರು ಬೇರೆ, 100 ಮೀಟರಿನ ನೀರು ಬೇರೆಯಾಗಿ ಹಡಗಿಗೆ ಬರುತ್ತದೆ.

ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯಲು ಈಗಲೂ ಆಧಾರವಾಗಿರುವುದು 1888ರಲ್ಲಿ ವಿಂಕ್ಲರ್ ಎಂಬ ಹಂಗೇರಿಯ ರಸಾಯನ ಶಾಸ್ತ್ರಜ್ಞ ತೋರಿಸಿಕೊಟ್ಟ ವಿಧಾನ. ಕಾಲೇಜಿನ ಪ್ರಯೋಗಾಲಯದಲ್ಲಿ ಹನಿ ಹನಿಯಾಗಿ ದ್ರಾವಣ ಬಿಟ್ಟು ಬಣ್ಣ ಬದಲಾಗುವುದನ್ನು ನೋಡಿದವರಿಗೆ ಇದು ಕಷ್ಟವಲ್ಲ. ಒಂದು ಲೀಟರ್ ನೀರಿನಲ್ಲಿ 2 ಮಿಲಿಗ್ರಾಂಗಿಂತ ಕಡಿಮೆ ಆಮ್ಲಜನಕವಿದ್ದರೆ ಹೆಚ್ಚಿನ ಮೀನುಗಳು ಅಲ್ಲಿ ಬಾಳಲಾರವು. ಅವು ಓಡಿಹೋಗುತ್ತವೆ, ಓಡಲಾರದವು ಸಾಯುತ್ತವೆ.

ಹಡಗು ಎಲ್ಲೆಡೆಗೂ ಹೋಗಲಾರದು. ಹೀಗಾಗಿ ಮೇಲಿನಿಂದ ಉಪಗ್ರಹ ನೋಡುತ್ತದೆ. ಭಾರತವು 1999ರ ಮೇ ತಿಂಗಳಲ್ಲಿ ಓಶನ್‌ಸ್ಯಾಟ್ 1, 2009ರಲ್ಲಿ ಓಶನ್‌ಸ್ಯಾಟ್ 2 ಮತ್ತು 2022ರ ನವೆಂಬರಿನಲ್ಲಿ ಓಶನ್‌ಸ್ಯಾಟ್ 3 ಉಪಗ್ರಹಗಳನ್ನು ಹಾರಿಸಿತು. ಇವು ಕಡಲಿನ ಬಣ್ಣವನ್ನು ನೋಡುತ್ತವೆ. ನೀರಿನಲ್ಲಿ ಸೂಕ್ಷ್ಮ ಸಸ್ಯಗಳು ಹೆಚ್ಚಾದಂತೆ ಬಣ್ಣ ನೀಲಿಯಿಂದ ಹಸಿರಿಗೆ ತಿರುಗುತ್ತದೆ. ಆ ಸಸ್ಯಗಳಿದ್ದಲ್ಲಿ ಮೀನಿಗೆ ಆಹಾರವಿದೆ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ನಮ್ಮ ಬೋಟಿನವರಿಗೆ ಕಳುಹಿಸುವ "ಮೀನು ಸಿಗಬಹುದಾದ ಪ್ರದೇಶ"ದ ಸೂಚನೆಗೆ ಈ ಬಣ್ಣ ಮತ್ತು ನೀರಿನ ಉಷ್ಣತೆಯೇ ಆಧಾರ.

ಇನ್ನು ನೀರಿನೊಳಗೆ 'ಆರ್ಗೋ' ಎಂಬ ತೇಲುಯಂತ್ರಗಳಿವೆ. ಲೋಕದ ಸಾಗರಗಳಲ್ಲಿ ಇಂತಹ ಸುಮಾರು 4,000 ಕೊಳವೆಗಳು ಅಲೆದಾಡುತ್ತಿವೆ. ಸಾವಿರ ಮೀಟರ್ ಆಳದಲ್ಲಿ ನೀರಿನೊಂದಿಗೆ ತೇಲುತ್ತಾ ಹೋಗುವ ಒಂದೊಂದು ಯಂತ್ರವೂ ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರಿಗೆ ಇಳಿದು, ಅಲ್ಲಿಂದ ಮೇಲೇರುತ್ತಾ ಉಷ್ಣತೆ ಮತ್ತು ಉಪ್ಪಿನಂಶ ಅಳೆದು, ಉಪಗ್ರಹಕ್ಕೆ ವರದಿ ಒಪ್ಪಿಸಿ ಮತ್ತೆ ಮುಳುಗುತ್ತದೆ. ಭೂಮಿಯಲ್ಲಿ ಹೆಚ್ಚುತ್ತಿರುವ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ಸಾಗರಗಳೇ ಹೀರಿಕೊಂಡಿವೆ ಎಂದು ಇಂದು ಖಚಿತವಾಗಿ ಹೇಳಲು ಈ ಯಂತ್ರಗಳ ಲೆಕ್ಕ ಬಹುವಾಗಿ ನೆರವಾಗಿದೆ.

ಆದರೆ ಒಂದು ಮಾತನ್ನು ಗಮನಿಸಬೇಕು. ಉಪಗ್ರಹ ನೋಡುವುದು ಮೇಲಿನ ನೀರನ್ನು ಮಾತ್ರ, ಅದೂ ಮೋಡ ಇಲ್ಲದಾಗ. ಆರ್ಗೋ ಕೊಳವೆಗಳಿರುವುದು ಆಳ ಸಮುದ್ರದಲ್ಲಿ. ನಮ್ಮ ನಾಡದೋಣಿಗಳು ಬಲೆ ಬಿಡುವ ಹತ್ತಿಪ್ಪತ್ತು ಮೀಟರಿನ ನೀರು, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ನೀರು, ಇವೆರಡರ ಕಣ್ಣಿಗೂ ಸರಿಯಾಗಿ ಬೀಳುವುದಿಲ್ಲ. ನಮ್ಮ ಮೀನಿನ ಭವಿಷ್ಯ ತೀರ್ಮಾನವಾಗುವುದು ಅದೇ ಜಾಗದಲ್ಲಿ, ಅದೇ ಕಾಲದಲ್ಲಿ.

ಸಾಕ್ಷಿ ಹೇಳುವ ಪಚ್ಚಿಲೆ

ದಡದ ಬಳಿಯ ನೀರಿಗೆ ಬೇರೆ ಉಪಾಯಗಳಿವೆ. ಒಂದು, ಅಲ್ಲೇ ಬಾಳುವ ಜೀವಿಗಳನ್ನು ಕೇಳುವುದು. ನಮ್ಮವರು ಪ್ರೀತಿಯಿಂದ ತಿನ್ನುವ ಪಚ್ಚಿಲೆ ಬಂಡೆಗೆ ಅಂಟಿಕೊಂಡೇ ಬದುಕುತ್ತದೆ. ದಿನವಿಡೀ ನೀರನ್ನು ಸೋಸಿ ಆಹಾರ ಹುಡುಕುತ್ತದೆ. ನೀರಿನಲ್ಲಿ ಲೋಹವಾಗಲಿ, ಎಣ್ಣೆಯಾಗಲಿ, ಕೀಟನಾಶಕವಾಗಲಿ ಇದ್ದರೆ ಅದರ ಮಾಂಸದಲ್ಲಿ ಕೂಡುತ್ತಾ ಹೋಗುತ್ತದೆ. ಮೀನು ತಪ್ಪಿಸಿಕೊಂಡು ಓಡಬಹುದು, ಪಚ್ಚಿಲೆ ಓಡಲಾರದು. ಆದ್ದರಿಂದ ಒಂದು ದಿನದ ನೀರು ಹೇಳದ ಸತ್ಯವನ್ನು ಅದು ಹೇಳುತ್ತದೆ. ಅಮೆರಿಕದಲ್ಲಿ 1986ರಿಂದ ಕರಾವಳಿಯುದ್ದಕ್ಕೂ ಇಂತಹ ಚಿಪ್ಪು ಜೀವಿಗಳನ್ನು ಕ್ರಮವಾಗಿ ಪರೀಕ್ಷಿಸುವ ಪದ್ಧತಿ ನಡೆದುಬಂದಿದೆ.

ಇನ್ನೊಂದು, ಎಣ್ಣೆಯ ಬೆರಳಚ್ಚು. ಮಳೆಗಾಲಕ್ಕೆ ಮುನ್ನ ಗೋವಾದ ಮತ್ತು ನಮ್ಮ ಕಡಲತೀರದ ಮರಳಿನಲ್ಲಿ ಡಾಂಬರಿನ ಉಂಡೆಗಳು ಕಾಲಿಗೆ ಮೆತ್ತಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಇದು ಎಲ್ಲಿಂದ ಬಂತು? ಒಂದೊಂದು ತೈಲಬಾವಿಯ ಎಣ್ಣೆಗೂ ಅದರದೇ ಆದ ರಾಸಾಯನಿಕ ಗುರುತು ಇರುತ್ತದೆ. ಎಷ್ಟು ಬಿಸಿಲು, ಉಪ್ಪುನೀರು ತಾಗಿದರೂ ಅದರ ಒಂದಂಶ ಅಳಿಯುವುದಿಲ್ಲ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಈ ಗುರುತನ್ನು ಹೋಲಿಸಿ, ಗೋವಾದ ದಡಕ್ಕೆ ಬಂದ ಉಂಡೆಗಳಲ್ಲಿ ಕೆಲವು ಬಾಂಬೆ ಹೈ ಪ್ರದೇಶದ ಕಚ್ಚಾ ತೈಲವನ್ನು, ಕೆಲವು ತೈಲ ಹಡಗುಗಳ ಎಣ್ಣೆಯನ್ನು ಹೋಲುತ್ತವೆ ಎಂದು ತೋರಿಸಿದ್ದಾರೆ. ಕಳ್ಳನನ್ನು ಹಿಡಿಯುವ ದಾರಿ ಇದೆ. ಆದರೆ ಬೆರಳಚ್ಚನ್ನು ಹೋಲಿಸಲು ಹಳೆಯ ಬೆರಳಚ್ಚುಗಳ ಕಡತ ಮೊದಲೇ ಇರಬೇಕು.

ಉಸಿರು ಕಟ್ಟುವ ನೀರು

ಹಳೆಯ ಲೆಕ್ಕದ ಬೆಲೆ ಎಷ್ಟೆಂಬುದಕ್ಕೆ ನಮ್ಮ ನೆರೆಯ ಗೋವಾದಲ್ಲೇ ಒಳ್ಳೆಯ ಉದಾಹರಣೆಯಿದೆ. ಕ್ಯಾಂಡೋಲಿಮ್ ಎದುರಿನ ಸಮುದ್ರದಲ್ಲಿ ಒಂದು ನಿಗದಿತ ಜಾಗಕ್ಕೆ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು 1997ರಿಂದ ಮತ್ತೆ ಮತ್ತೆ ಹೋಗಿ ನೀರು ತಂದು ಅಳೆಯುತ್ತಾ ಬಂದರು. ನೋಡುವವರಿಗೆ ಅದು ಬೇಸರದ ಕೆಲಸ. ಅದೇ ಜಾಗ, ಅದೇ ಬಾಟಲಿ, ಅದೇ ಪರೀಕ್ಷೆ.

1999ರಲ್ಲಿ ಆ ಬೇಸರದ ಕೆಲಸಕ್ಕೆ ಬೆಲೆ ಬಂತು. ಮಳೆಗಾಲದ ಕೊನೆಗೆ ಪಶ್ಚಿಮ ಕರಾವಳಿಯ ತಳದ ನೀರಿನಲ್ಲಿ ಆಮ್ಲಜನಕ ಬಹುತೇಕ ಇಲ್ಲವಾಗಿತ್ತು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಸಿಕ್ಕಿತು. ಭೂಮಿಯನ್ನು ಬಿಸಿ ಮಾಡುವ ನೈಟ್ರಸ್ ಆಕ್ಸೈಡ್ ಅನಿಲ ಅಪಾರವಾಗಿ ಏಳುತ್ತಿತ್ತು. ಡಾ. ಎಸ್.ಡಬ್ಲ್ಯೂ.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದಾಗ ಲೋಕವೇ ಗಮನಿಸಿತು. ಹೊಲಗಳಿಂದ ಹರಿದು ಬರುವ ರಾಸಾಯನಿಕ ಗೊಬ್ಬರವೂ ಕಾರಣವಿರಬಹುದು ಎಂದು ಅವರು ಸೂಚಿಸಿದರು.

ಎಲ್ಲವನ್ನೂ ಮಾಲಿನ್ಯದ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ಹಳೆಯ ದಾಖಲೆಗಳು ಅದಕ್ಕೆ ಅಡ್ಡ ಬಂದವು. 1933-34ರಲ್ಲಿ ಈಜಿಪ್ಟಿನ 'ಮಬಾಹಿಸ್' ಹಡಗಿನಲ್ಲಿ ಅರಬಿ ಸಮುದ್ರವನ್ನು ಸುತ್ತಿದ ವಿಜ್ಞಾನಿಗಳು ಇಲ್ಲಿನ ಆಳದಲ್ಲಿ ಆಮ್ಲಜನಕ ಬಹಳ ಕಡಿಮೆಯೆಂದು ಆಗಲೇ ಕಂಡಿದ್ದರು. ಮಳೆಗಾಲದಲ್ಲಿ ಗಾಳಿ ಮತ್ತು ಪ್ರವಾಹಗಳ ಸೆಳೆತಕ್ಕೆ ಈ ತಣ್ಣನೆಯ ನೀರು ದಡದ ಕಡೆಗೆ ಮೇಲೇರಿ ಬರುತ್ತದೆ. ಕೊಚ್ಚಿಯ ಎದುರು ಹೀಗೆ ಬಂದ ನೀರಿನಿಂದ ತಳದ ಮೀನುಗಳು ಜಾಗ ಖಾಲಿ ಮಾಡುವುದನ್ನು ಕಾರ್ಲ್ ಬಾನ್ಸೆ ಎಂಬ ವಿಜ್ಞಾನಿ 1959ರಲ್ಲೇ ಬರೆದಿದ್ದರು. ಅಂದರೆ ಇದರಲ್ಲಿ ಒಂದು ಪಾಲು ಪ್ರಕೃತಿಯ ಕ್ರಮ. ಅದರ ಮೇಲೆ ಮನುಷ್ಯ ಎಷ್ಟು ಸೇರಿಸುತ್ತಿದ್ದಾನೆ ಎಂಬುದೇ ನಿಜವಾದ ಪ್ರಶ್ನೆ. ಮುಂದಿನ ವರ್ಷಗಳ ಅಳತೆಯೂ ಇದನ್ನೇ ಹೇಳಿತು: ಕೊರತೆ ವರ್ಷ ವರ್ಷವೂ ಬರುತ್ತದೆ, ಆದರೆ ಒಂದು ವರ್ಷದಂತೆ ಇನ್ನೊಂದು ವರ್ಷವಿಲ್ಲ.

ಒಂದೇ ವರ್ಷ ಅಳೆದವನು ಗಾಬರಿಯಾಗುತ್ತಾನೆ, ಇಲ್ಲವೇ ನಿಶ್ಚಿಂತನಾಗುತ್ತಾನೆ. ಮೂವತ್ತು ವರ್ಷ ಅಳೆದವನು ಮಾತ್ರ ತಿಳಿದು ಮಾತಾಡುತ್ತಾನೆ.

ದಕ್ಕೆಯಲ್ಲಿ ನೋಟುಬುಕ್ಕು ಹಿಡಿದವರು

ಇನ್ನು ಮೀನಿನ ಲೆಕ್ಕ. ಇಲ್ಲಿ ವಿಜ್ಞಾನಿ ಒಬ್ಬನೇ ಇಲ್ಲ, ನಮ್ಮ ಜನರೂ ಇದ್ದಾರೆ.

ಬೂತಾಯಿ ನಮ್ಮ ಬಡವರ ಮೀನು. ಅದರ ಏರಿಳಿತ ನೋಡಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಕೇರಳದಲ್ಲಿ 2012ರಲ್ಲಿ 3.99 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಬರೀ 3,297 ಟನ್. ನೂರು ಬುಟ್ಟಿ ಇದ್ದಲ್ಲಿ ಒಂದು ಬುಟ್ಟಿಯೂ ಉಳಿಯಲಿಲ್ಲ. ಮತ್ತೆ 2022ರಲ್ಲಿ ಅದೇ ಮೀನು ಒಂದು ಲಕ್ಷ ಟನ್ ದಾಟಿತು.

ಇದಕ್ಕೆ ಕಾರಣ ಕೇಳಿದರೆ ದಕ್ಕೆಯಲ್ಲಿ ಹತ್ತು ಜನ ಹತ್ತು ಮಾತು ಹೇಳುತ್ತಾರೆ. ನಾಡದೋಣಿಯವರು ಪರ್ಸೀನ್ ಬೋಟನ್ನು ದೂರುತ್ತಾರೆ. ಪರ್ಸೀನಿನವರು ಟ್ರಾಲನ್ನು ದೂರುತ್ತಾರೆ. ಎಲ್ಲರೂ ಸೇರಿ ಫಿಶ್‌ಮೀಲ್ ಕಾರ್ಖಾನೆಗಳನ್ನು ದೂರುತ್ತಾರೆ. ವಿಜ್ಞಾನಿಗಳು ಹೇಳುವುದು ಇಷ್ಟು: ಬೂತಾಯಿಯ ಆಯುಷ್ಯವೇ ಎರಡು ಮೂರು ವರ್ಷ. ಒಂದು ಮಳೆಗಾಲ ಕೆಟ್ಟರೆ ಆ ವರ್ಷದ ಮರಿಗಳೇ ಇಲ್ಲ. 1955ರಲ್ಲೇ ಇಬ್ಬರು ಭಾರತೀಯ ವಿಜ್ಞಾನಿಗಳು ಒಂದು ಬಗೆಯ ಸೂಕ್ಷ್ಮ ಸಸ್ಯ ಹೆಚ್ಚಿದ್ದಾಗ ಬೂತಾಯಿಯೂ ಹೆಚ್ಚೆಂದು ಬರೆದಿದ್ದರು. 2015ರ ಎಲ್ ನಿನೊದಿಂದ ಕಡಲು ಬಿಸಿಯಾದದ್ದು ಬೂತಾಯಿಯ ಕುಸಿತಕ್ಕೆ ಒಂದು ಕಾರಣವೆಂದು ಅವರು ಗುರುತಿಸಿದ್ದಾರೆ. ಮಿತಿಮೀರಿ ಹಿಡಿದದ್ದು, ಮರಿಗಳನ್ನೂ ಬಿಡದೆ ಹಿಡಿದದ್ದು ಗಾಯದ ಮೇಲೆ ಬರೆ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನು ಹಿಡಿಯಬಾರದೆಂಬ ನಿಯಮ ಬಂದದ್ದು ಇದೇ ಕಾರಣಕ್ಕೆ.

ಈ ಟನ್ ಲೆಕ್ಕ ಎಲ್ಲಿಂದ ಬರುತ್ತದೆ? ಲಕ್ಷಾಂತರ ದೋಣಿಗಳ ಮೀನನ್ನು ಯಾರೂ ತೂಗಲಾರರು. 1947ರಲ್ಲಿ ಆರಂಭವಾದ ಈ ಸಂಸ್ಥೆಗೆ ಮಂಗಳೂರಿನಲ್ಲಿಯೂ ಕೇಂದ್ರವಿದೆ. ದೇಶದ ಕರಾವಳಿಯ ಸಾವಿರಕ್ಕೂ ಹೆಚ್ಚು ಮೀನಿಳಿಸುವ ಜಾಗಗಳಿಂದ ಕೆಲವನ್ನು ಆರಿಸಿ, ತಿಂಗಳಿನಲ್ಲಿ ಕೆಲವು ದಿನಗಳನ್ನು ಆರಿಸಿ, ಸಂಸ್ಥೆಯವರು ಅಲ್ಲಿಗೆ ಹೋಗುತ್ತಾರೆ. ಒಂದು ದಿನ ಮಧ್ಯಾಹ್ನದಿಂದ ಸಂಜೆಯವರೆಗೆ, ಮರುದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಿಲ್ಲುತ್ತಾರೆ. ರಾತ್ರಿ ಬಂದ ದೋಣಿಗಳ ಬಗ್ಗೆ ಕೇಳಿ ತಿಳಿಯುತ್ತಾರೆ. ಕೆಲವು ಮೀನುಗಳ ಉದ್ದ ಅಳೆಯುತ್ತಾರೆ, ಹೊಟ್ಟೆ ಸೀಳಿ ಮೊಟ್ಟೆಯಿದೆಯೇ ಎಂದು ನೋಡುತ್ತಾರೆ. ಮೀನಿನ ತಲೆಯೊಳಗಿನ ಚಿಕ್ಕ ಕಿವಿಗಲ್ಲಿನಲ್ಲಿ ಮರದ ಕಾಂಡದಲ್ಲಿರುವಂತೆ ಬಳೆಗಳಿರುತ್ತವೆ. ಅದರಿಂದ ವಯಸ್ಸು ತಿಳಿಯುತ್ತದೆ. ಈ ಕೆಲವರ ಲೆಕ್ಕದಿಂದ ಒಟ್ಟು ಲೆಕ್ಕವನ್ನು ಅಂದಾಜು ಮಾಡುತ್ತಾರೆ.

ಒಮ್ಮೆ ದಕ್ಕೆಯಲ್ಲಿ ನಾವು ಇದನ್ನು ಕಣ್ಣಾರೆ ಕಂಡೆವು. ನೋಟುಬುಕ್ಕು ಹಿಡಿದ ಯುವಕ ಬೋಟಿನವರನ್ನು ಕೇಳಿದ: "ಅಣ್ಣ, ಬೂತಾಯಿ ಎಷ್ಟು ಬಾಕ್ಸ್?" ಮಂಜುಗಡ್ಡೆ ಎಳೆಯುತ್ತಿದ್ದ ಬೋಟಿನವರು ತಲೆ ಎತ್ತಲಿಲ್ಲ. "ಹೋದ ಸಲದಷ್ಟೇ ಬರೆದುಕೊಳ್ಳಿ ಮಾರಾಯ್ರೆ" ಎಂದರು. ಆಮೇಲೆ ಅವರನ್ನು ಕೇಳಿದಾಗ ನಮಗೆ ಸಿಕ್ಕ ಉತ್ತರ ಇದು: "ನಾವು ಲೆಕ್ಕ ಕೊಟ್ಟರೆ ನಾಳೆ ಅದೇ ಲೆಕ್ಕ ತೋರಿಸಿ ನಮಗೇ ಕಾನೂನು ಮಾಡುತ್ತಾರೆ, ಫಾದರ್. ಲೆಕ್ಕ ಕೊಟ್ಟದ್ದರಿಂದ ನಮಗೆ ಏನು ಸಿಕ್ಕಿತು?"

ಈ ಮಾತಿನಲ್ಲಿ ಹುರುಳಿಲ್ಲ ಎಂದು ನಾವು ಹೇಳುವುದಿಲ್ಲ. ಲೆಕ್ಕ ತೆಗೆದುಕೊಂಡವರು ಅದರ ಫಲವನ್ನು ತಿರುಗಿ ಬಂದು ದಕ್ಕೆಯಲ್ಲಿ, ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಹೇಳುವುದು ಅಪರೂಪ. ವರದಿ ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ. ನಿಯಮ ಮಾತ್ರ ಕನ್ನಡದಲ್ಲಿ ಬರುತ್ತದೆ. ಈ ಅಂತರವನ್ನು ತುಂಬುವ ಹೊಣೆ ವಿಜ್ಞಾನಿಗಳದ್ದು ಮತ್ತು ಸರಕಾರದ್ದು.

ಆದರೆ ಇನ್ನೊಂದು ಬದಿಯನ್ನೂ ನೋಡಬೇಕು. "ಹೋದ ಸಲದಷ್ಟೇ" ಎಂದು ಬರೆಸಿದ ಬೋಟಿನವರಿಗೆ ನಾಳೆ ಹಡಗು ಮುಳುಗಿ ನಷ್ಟವಾದರೆ, ಅವರು ಮೊದಲು ಎಷ್ಟು ಹಿಡಿಯುತ್ತಿದ್ದರು ಎಂದು ತೋರಿಸಲು ಇರುವುದು ಅದೇ ನೋಟುಬುಕ್ಕು. ಸುಳ್ಳು ಬರೆಸಿದ ದಾಖಲೆ ಕೋರ್ಟಿನಲ್ಲಿ ನಮ್ಮ ಪರವಾಗಿ ನಿಲ್ಲುವುದಿಲ್ಲ. ಲೆಕ್ಕವನ್ನು ಶತ್ರುವೆಂದು ತಿಳಿದರೆ ಕೊನೆಗೆ ಸೋಲುವವರು ನಾವೇ.

ನಮ್ಮ ಪಾಲಿನ ಕೆಲಸ

ದಿವಂಗತ ಪೋಪ್ ಫ್ರಾನ್ಸಿಸ್ ತಮ್ಮ 2015ರ 'ಲಾವುದಾತೊ ಸಿ' ವಿಶ್ವಪತ್ರದಲ್ಲಿ ಸಾಗರಗಳ ಮಾಲಿನ್ಯ ಮತ್ತು ಮಿತಿಮೀರಿದ ಮೀನುಗಾರಿಕೆಯನ್ನು ಹೆಸರಿಸಿಯೇ ಬರೆದರು. ಅದನ್ನು ಓದಿ ಗಿಡ ನೆಟ್ಟು ಫೋಟೋ ತೆಗೆಸಿಕೊಂಡ ಧರ್ಮಕೇಂದ್ರಗಳು ಬೇಕಾದಷ್ಟಿವೆ. ಗಿಡ ನೆಡುವುದು ಒಳ್ಳೆಯದೇ. ಆದರೆ ಕಡಲ ಬದಿಯ ಧರ್ಮಕೇಂದ್ರಗಳಿಗೆ ಬೇರೆ ಕೆಲಸವೂ ಇದೆ.

ಮೊದಲನೆಯದು, ಸತ್ಯ ಲೆಕ್ಕ ಕೊಡುವುದು. ದಕ್ಕೆಗೆ ಬಂದು ಕೇಳುವವರಿಗೆ ಇದ್ದದ್ದನ್ನು ಇದ್ದಂತೆ ಹೇಳಬೇಕೆಂದು ನಮ್ಮ ಮೀನುಗಾರ ಕುಟುಂಬಗಳಿಗೆ ತಿಳಿಸಬೇಕು. ಸ್ವಸಹಾಯ ಗುಂಪುಗಳಲ್ಲಿ, ಕಿರು ಕ್ರೈಸ್ತ ಸಮುದಾಯಗಳಲ್ಲಿ ಈ ವಿಷಯ ಮಾತಾಡಬಹುದು. ದೋಣಿಯವರೇ ದಿನಾಂಕ, ಜಾಗ, ಸಿಕ್ಕ ಮೀನು, ನೀರಿನ ಬಣ್ಣ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಉತ್ತಮ.

ಎರಡನೆಯದು, ಹಿರಿಯರ ನೆನಪನ್ನು ಬರೆದಿಡುವುದು. ರಂಪಣಿ ಬಲೆ ಎಳೆದ ಕಾಲದಲ್ಲಿ ಯಾವ ತಿಂಗಳಿಗೆ ಯಾವ ಮೀನು ಬರುತ್ತಿತ್ತು, ಎಲ್ಲಿ ಪಚ್ಚಿಲೆ ಸಿಗುತ್ತಿತ್ತು, ಯಾವ ಅಳಿವೆಯಲ್ಲಿ ಮರುವಾಯಿ ತುಂಬಿತ್ತು ಎಂದು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ವಿಜ್ಞಾನಿಗಳ ನೋಟುಬುಕ್ಕು ಆರಂಭವಾಗುವ ಮುಂಚಿನ ಪುಟಗಳು ಅವರ ತಲೆಯಲ್ಲಿವೆ. ಅವರು ಹೋದ ಮೇಲೆ ಆ ಪುಟಗಳೂ ಇಲ್ಲ. ನಮ್ಮ ಯುವಜನರಿಗೆ ಇದಕ್ಕಿಂತ ಒಳ್ಳೆಯ ರಜಾದಿನದ ಕೆಲಸ ಬೇರೆ ಬೇಕೇ?

ಮೂರನೆಯದು, ಕೇಳುವುದು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ, ಸಂಶೋಧನಾ ಕೇಂದ್ರವಿದೆ. ಅಲ್ಲಿನವರನ್ನು ವರ್ಷಕ್ಕೊಮ್ಮೆ ಕಡಲ ಬದಿಯ ಸಭಾಭವನಕ್ಕೆ ಕರೆದು, "ಈ ವರ್ಷ ನಮ್ಮ ಕಡಲಿನ ಆರೋಗ್ಯ ಹೇಗಿದೆ?" ಎಂದು ಕೇಳೋಣ. ಬೂತಾಯಿ ಮರಿ ಹಿಡಿಯಬಾರದೆಂದು ಹೇಳುವವರು, ಮರಿ ಕೊಳ್ಳುವ ಕಾರ್ಖಾನೆಗೆ ಏನು ಹೇಳಿದ್ದಾರೆ ಎಂದೂ ಕೇಳೋಣ. ಪ್ರಶ್ನೆ ಕೇಳುವ ಜನರಿರುವಲ್ಲಿ ಉತ್ತರವೂ ಜನರ ಭಾಷೆಯಲ್ಲಿ ಬರುತ್ತದೆ.

ನಾಲ್ಕನೆಯದು, ವದಂತಿ ಹಬ್ಬಿಸದಿರುವುದು. ಎಲ್ಲಿಯೋ ಸತ್ತ ಮೀನಿನ ಚಿತ್ರವನ್ನು ನಮ್ಮೂರದ್ದೆಂದು ಹಂಚಿದರೆ, ಮರುದಿನ ಬುಟ್ಟಿ ಹೊತ್ತ ತಾಯಿಯೊಬ್ಬಳು ಮೀನು ಮಾರಲಾಗದೆ ಮನೆಗೆ ಮರಳುತ್ತಾಳೆ. ಪರೀಕ್ಷೆಯ ಫಲ ಬರುವವರೆಗೆ ಕಾಯುವುದೂ ಒಂದು ನ್ಯಾಯ.

ಕಳೆದ ಶತಮಾನಗಳ ನಮ್ಮ ಗುರುಗಳು ಜ್ಞಾನಸ್ನಾನ, ಮದುವೆ, ಮರಣಗಳ ದಾಖಲೆಗಳನ್ನು ಬಿಡದೆ ಬರೆದಿಟ್ಟರು. ಬರೆಯುವಾಗ ಅದು ಬೇಸರದ ಕೆಲಸವೇ ಆಗಿದ್ದಿರಬೇಕು. ಇಂದು ಮನೆತನದ ಬೇರು ಹುಡುಕಿಕೊಂಡು ಬರುವವರಿಗೆ ಆ ಹಳೆಯ ಪುಸ್ತಕಗಳೇ ಆಧಾರ. ಕಡಲಿಗೂ ಅಂತಹದೊಂದು ಪುಸ್ತಕ ಬೇಕು. ಅದನ್ನು ವಿಜ್ಞಾನಿಗಳು ಬರೆಯುತ್ತಿದ್ದಾರೆ, ಆದರೆ ಅರ್ಧ ಪುಟಗಳು ನಮ್ಮ ದಕ್ಕೆಗಳಲ್ಲಿ, ನಮ್ಮ ದೋಣಿಗಳಲ್ಲಿ ತುಂಬಬೇಕಾಗಿವೆ.

ಅಂದು ನಮ್ಮನ್ನು ಕೇಳಿದ ಆ ತಾಯಿಗೆ ನಾವು ಉತ್ತರ ಕೊಡಲಾಗಲಿಲ್ಲ. ಮುಂದಿನ ಸಲ ಯಾರಾದರೂ ಬಂದು "ಫಾದರ್, ಮೀನು ತಿನ್ನಬಹುದಾ?" ಎಂದು ಕೇಳಿದಾಗ, "ಮೊದಲು ಹೀಗಿತ್ತು, ಈಗ ಹೀಗಿದೆ, ನೀವೇ ನೋಡಿ" ಎಂದು ತೋರಿಸುವಂತಿರಬೇಕು. ಅದಕ್ಕೆ ಬೇಕಾದ ಮೊದಲ ಸಾಲನ್ನು ಇಂದೇ ಬರೆಯಬೇಕು. ಹಡಗು ಮುಳುಗಿದ ಮೇಲೆ ಅದನ್ನು ಬರೆಯಲು ಬರುವುದಿಲ್ಲ.